ಉಸಿರು ಕುಂದಿದರೆ ಮಾಂಸವೂ ಕುಂದುತ್ತದೆ

ಉಸಿರಾಟದ ಕಾಯಿಲೆಯೆಂದರೆ ಅದು ಎದೆಗೂಡಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕೆಮ್ಮಿಗೆ ಕಷಾಯ, ದಮ್ಮಿಗೆ ಮಾತ್ರೆ, ಕಫಕ್ಕೆ ಚೂರ್ಣ ಕೇಳುತ್ತೇವೆ. ಆದರೆ ವರ್ಷಗಟ್ಟಲೆ ಉಸಿರು ಕುಂದಿದವರ ತೊಡೆಯನ್ನೊಮ್ಮೆ ಮುಟ್ಟಿ ನೋಡಬೇಕು. ಹಿಂದೆ ಗಟ್ಟಿಯಾಗಿದ್ದ ಮಾಂಸಖಂಡ ಸಡಿಲಗೊಂಡು, ಚರ್ಮ ಜೋತುಬಿದ್ದಿರುತ್ತದೆ. ರೋಗವಿರುವುದು ಎದೆಯಲ್ಲಿ, ಸೊರಗುತ್ತಿರುವುದು ಕಾಲು. ಹೀಗೇಕೆ ಆಗುತ್ತದೆ, ಇದನ್ನು ತಡೆಯಲು ಏನು ಮಾಡಬಹುದು ಎಂಬುದೇ ಈ ತಿಂಗಳ ವಿಚಾರ.

ಮೊದಲಿಗೆ ಪದದ ಬಗ್ಗೆ ಒಂದು ಮಾತು. ಕೈಕಾಲುಗಳನ್ನು ಆಡಿಸುವ ಅಂಗವನ್ನು ಇಂದಿನ ಕನ್ನಡದಲ್ಲಿ ಸ್ನಾಯು ಎನ್ನುವುದು ರೂಢಿ. ಆಯುರ್ವೇದ ಗ್ರಂಥಗಳಲ್ಲಾದರೋ ಸ್ನಾಯು ಎಂದರೆ ಕೀಲುಗಳನ್ನು ಬಿಗಿದಿಡುವ ಕಟ್ಟು; ಅಂಗಗಳನ್ನು ಆಡಿಸುವುದು ಮಾಂಸಪೇಶಿ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಮಾಂಸಖಂಡ ಎಂಬ ಪದವನ್ನೇ ಬಳಸುತ್ತೇನೆ.

ನಮ್ಮ ಕೋಲಾರ ಸೀಮೆಯಲ್ಲಿ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಮಾಲೂರು ತಾಲ್ಲೂಕಿನ ಟೇಕಲ್ ಸುತ್ತಮುತ್ತ ಕಲ್ಲು ಒಡೆಯುವವರಿದ್ದಾರೆ. ಅದೇ ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೆಂದೇ ನಾಡಿನಲ್ಲಿ ಹೆಸರಾಗಿದೆ. ಮಾಲೂರಿನ ಇಟ್ಟಿಗೆ ಗೂಡುಗಳು, ಮುಳಬಾಗಿಲಿನ ಬಂಡೆಗಳು, ಜಲ್ಲಿ ಕ್ರಷರುಗಳು ಎಲ್ಲರೂ ಕಂಡಿರುವಂಥವು. ಬೆಂಕಿ, ಹೊಗೆ, ಧೂಳು ಇಲ್ಲಿನ ದುಡಿಮೆಯ ಜೊತೆಗೇ ಬಂದವು. ಸೌದೆ ಒಲೆಯ ಮುಂದೆ ನಲವತ್ತು ವರ್ಷ ಕುಳಿತ ತಾಯಂದಿರೂ ಈ ಲೆಕ್ಕಕ್ಕೆ ಸೇರುತ್ತಾರೆ. ಇವರಲ್ಲಿ ಅನೇಕರು ವೈದ್ಯರ ಮುಂದೆ ಹೇಳುವ ಮಾತು ಒಂದೇ ಬಗೆಯದು: “ದಮ್ಮು ಹೆಂಗೋ ತಡ್ಕೋಬೋದು ಡಾಕ್ಟ್ರೇ, ಕಾಲೇ ಏಳ್ತಾ ಇಲ್ಲ.” ಜೊತೆಗೆ ಬಂದ ಮನೆಯವರು, “ಕೂತ್ರೆ ಏಳೋದೇ ಇಲ್ಲ, ಸೋಮಾರಿತನ ಬಂದ್ಬಿಟ್ಟಿದೆ” ಎಂದು ದೂರುವುದೂ ಉಂಟು. ಜೀವನವಿಡೀ ಸಮ್ಮಟಿ ಎತ್ತಿದ ಮನುಷ್ಯನಿಗೆ ಐವತ್ತೈದನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸೋಮಾರಿತನ ಬರುವುದಿಲ್ಲ. ಅವನ ಮಾಂಸಖಂಡದೊಳಗೆ ದುರಸ್ತಿಯ ಕೆಲಸ ಕುಂಠಿತವಾಗಿದೆ ಎಂಬುದನ್ನು ನಾವು ಅರಿಯಬೇಕು.

ಚಿನ್ನದ ಗಣಿ ಕಲಿಸಿದ ಪಾಠ

ಧೂಳು ಮತ್ತು ಉಸಿರಿನ ಸಂಬಂಧವನ್ನು ಭಾರತಕ್ಕೆ ಮೊದಲು ತೋರಿಸಿಕೊಟ್ಟದ್ದು ನಮ್ಮದೇ ಜಿಲ್ಲೆ. ಸಿಲಿಕೋಸಿಸ್ ಎಂಬ ಕಲ್ಲುಧೂಳಿನ ಕಾಯಿಲೆಯ ಬಗ್ಗೆ ನಮ್ಮ ದೇಶದ ಮೊದಲ ವರದಿ ಬಂದದ್ದು 1934ರಲ್ಲಿ, ಕೋಲಾರ ಚಿನ್ನದ ಗಣಿಯಿಂದ. 1940ರ ದಶಕದಲ್ಲಿ ಅಲ್ಲಿನ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಕಾಯಿಲೆಯ ಲಕ್ಷಣಗಳು ಕಂಡುಬಂದವು. ಅಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲೆಂದರೆ ಬಹುಪಾಲು ಸಿಲಿಕಾ. ಅದನ್ನು ಕೊರೆದಾಗ ಏಳುವ ಧೂಳಿನ ಅತಿ ಸಣ್ಣ ಕಣಗಳು, ಅಂದರೆ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕವು, ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ಅವು ಕರಗುವುದಿಲ್ಲ, ಹೊರಗೆ ಬರುವುದೂ ಇಲ್ಲ. ದೇಹ ಅವುಗಳ ಸುತ್ತ ಗಾಯದ ಕಲೆಯಂಥ ಗಟ್ಟಿ ಗಂಟು ಕಟ್ಟುತ್ತದೆ.

ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳದಲ್ಲಿ ಗಾಳಿಯೇ ಸಾಲದೆ ಜನರಿಗೆ ಉಸಿರು ಕಟ್ಟುತ್ತಿತ್ತೆಂದು ಕೆಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಆಳಕ್ಕೆ ಇಳಿದಷ್ಟೂ ಗಾಳಿಯ ಒತ್ತಡ ಹೆಚ್ಚುತ್ತದೆ. ಗಣಿಗೆ ಯಂತ್ರಗಳ ಮೂಲಕ ಗಾಳಿಯನ್ನು ಹಾಯಿಸುವ ವ್ಯವಸ್ಥೆಯೂ ಇತ್ತು. ಆಮ್ಲಜನಕದ ಕೊರತೆಯಾದದ್ದು ಗಣಿಯೊಳಗಿನ ಗಾಳಿಯಲ್ಲಲ್ಲ, ಕಾರ್ಮಿಕನ ರಕ್ತದಲ್ಲಿ. ಗಾಳಿಗೂಡಿನ ಗೋಡೆ ದಪ್ಪಗಾಗಿ ಬಿರುಸಾದ ಮೇಲೆ, ಎದೆ ತುಂಬ ಗಾಳಿ ಎಳೆದರೂ ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಸಿಲಿಕಾ ಧೂಳು ಜಿಲ್ಲೆಯನ್ನು ಬಿಟ್ಟು ಹೋಗಲಿಲ್ಲ. ಗ್ರಾನೈಟ್ ಕಲ್ಲಿನಲ್ಲಿಯೂ ಬೆಣಚುಕಲ್ಲಿನ ಅಂಶ ಸಾಕಷ್ಟಿದೆ. ಉಳಿ ಸುತ್ತಿಗೆಗಳ ಕಾಲದಲ್ಲಿ ಚಕ್ಕೆ ಹಾರುತ್ತಿತ್ತು. ಇಂದು ವಿದ್ಯುತ್ ಕಟ್ಟರಿನ ಚಕ್ರ ಒಣಕಲ್ಲನ್ನು ಕೊಯ್ಯುವಾಗ ಹಿಟ್ಟಿನಂಥ ಧೂಳು ಮುಖದ ಮುಂದೆಯೇ ಏಳುತ್ತದೆ.

ಕೆರೆ, ಕಾಲುವೆ, ಕಡೆಯ ಗದ್ದೆ

ಆಹಾರದಿಂದ ಸಪ್ತಧಾತುಗಳು ಹೇಗೆ ಪುಷ್ಟಿಗೊಳ್ಳುತ್ತವೆ ಎಂಬುದನ್ನು ವಿವರಿಸಲು ಆಯುರ್ವೇದದ ಆಚಾರ್ಯರು ಬಳಸುವ ಉಪಮಾನಗಳಲ್ಲಿ ಕೇದಾರಕುಲ್ಯಾ ನ್ಯಾಯವೂ ಒಂದು. ಕೇದಾರವೆಂದರೆ ಗದ್ದೆ, ಕುಲ್ಯಾ ಎಂದರೆ ಕಾಲುವೆ. ಕಾಲುವೆಯ ನೀರು ಮೊದಲು ಹತ್ತಿರದ ಮಡಿಯನ್ನು ತುಂಬಿ, ಆಮೇಲೆ ಮುಂದಿನದಕ್ಕೆ ಹರಿಯುವಂತೆ, ಪೋಷಕಾಂಶವು ರಸ, ರಕ್ತ, ಮಾಂಸ ಎಂಬ ಕ್ರಮದಲ್ಲಿ ಸಾಗುತ್ತದೆಂದು ಈ ನ್ಯಾಯ ಹೇಳುತ್ತದೆ. ಕೆರೆಗಳ ಜಿಲ್ಲೆಯವರಾದ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಅಚ್ಚುಕಟ್ಟಿನ ಕಡೆಯ ಗದ್ದೆ.

ಆಮ್ಲಜನಕದ ಹಂಚಿಕೆಯೂ ಹೆಚ್ಚುಕಡಿಮೆ ಇದೇ ರೀತಿಯದು. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡ 21. ಗಾಳಿಗೂಡಿನಲ್ಲಿ ಅದು ಸುಮಾರು 13 ಅಥವಾ 14ಕ್ಕೆ ಇಳಿಯುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ಸಾಗುವುದು ಹಿಮೋಗ್ಲೋಬಿನ್. ಮಾಂಸಖಂಡದ ಎಳೆಗಳ ಬಳಿಗೆ ತಲುಪುವ ಹೊತ್ತಿಗೆ ಉಳಿಯುವುದು ಶೇಕಡ 2ರಿಂದ 5ರಷ್ಟು ಮಾತ್ರ. ಆರೋಗ್ಯವಂತರಿಗೆ ಇಷ್ಟೇ ಸಾಕು; ದೇಹದ ರಚನೆಯೇ ಹಾಗಿದೆ. ಕೋಲಾರ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದರೂ ಅದರಿಂದ ನಮಗೇನೂ ತೊಂದರೆಯಿಲ್ಲ. ಆದರೆ ಈ ದಾರಿಯ ಎಲ್ಲಿಯಾದರೂ ಅಡ್ಡಿಯಾದರೆ, ಅಂದರೆ ಶ್ವಾಸಕೋಶ ಬಿರುಸಾದರೆ, ಶ್ವಾಸನಾಳ ಕಿರಿದಾದರೆ, ಹೃದಯದ ಬಲ ಕುಂದಿದರೆ ಅಥವಾ ರಕ್ತಹೀನತೆಯಿಂದ ಹಿಮೋಗ್ಲೋಬಿನ್ ಇಳಿದರೆ, ಮಿದುಳು ಮತ್ತು ಹೃದಯಗಳ ಪಾಲನ್ನು ದೇಹ ಮೊದಲು ಕಾಪಾಡಿಕೊಳ್ಳುತ್ತದೆ. ತೊಡೆ ಮತ್ತು ಮೀನಖಂಡಗಳು ಕಡೆಯ ಗದ್ದೆಯಾಗುತ್ತವೆ.

ಮಲಗಿರುವ ಕೋಶಗಳು

ಮಾಂಸಖಂಡ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಭಾರ ಎತ್ತಿದಾಗ, ಬಿದ್ದಾಗ, ದಿಬ್ಬ ಹತ್ತಿಳಿದಾಗ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಬಿರುಕುಗಳು ಉಂಟಾಗುತ್ತಲೇ ಇರುತ್ತವೆ. ಅವುಗಳನ್ನು ಸರಿಪಡಿಸುವ ಕೋಶಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿ ಕಪ್ಪೆಯ ಮಾಂಸಖಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಗುರುತಿಸಿದರು. ಮಾಂಸದ ಎಳೆಗೂ ಅದರ ಹೊರಪೊರೆಗೂ ನಡುವೆ ಅಂಟಿಕೊಂಡಿದ್ದ ಅವುಗಳಿಗೆ ಉಪಗ್ರಹಕೋಶಗಳು ಎಂಬ ಹೆಸರು ಬಂತು. ಇವೇ ಮಾಂಸಖಂಡದ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು.

ಸಾಮಾನ್ಯ ದಿನಗಳಲ್ಲಿ ಇವು ಮಲಗಿರುತ್ತವೆ. ಪೆಟ್ಟಾದ ಸುದ್ದಿ ತಲುಪಿದೊಡನೆ ಎಚ್ಚರಗೊಂಡು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಹೆಚ್ಚುತ್ತವೆ. ಹೀಗೆ ಹೆಚ್ಚಿದವುಗಳಲ್ಲಿ ಬಹುಪಾಲು ಕೋಶಗಳು ಪಕ್ವಗೊಂಡು, ಒಂದಕ್ಕೊಂದು ಬೆಸೆದು, ಹರಿದ ಎಳೆಯನ್ನು ತುಂಬುತ್ತವೆ. ಉಳಿದ ಕೆಲವು ಮರಳಿ ಮಲಗುತ್ತವೆ. ಈ ಎರಡನೆಯ ಕೆಲಸ ಮೊದಲನೆಯದರಷ್ಟೇ ಮುಖ್ಯ. ರೈತನು ಬೆಳೆದ ರಾಗಿಯನ್ನೆಲ್ಲ ಉಂಡು ಮುಗಿಸದೆ ಬಿತ್ತನೆಗೆಂದು ಒಂದಿಷ್ಟನ್ನು ತೆಗೆದಿಡುವಂತೆ, ಮುಂದಿನ ಗಾಯಕ್ಕೆ ಬೇಕಾದ ಕೋಶಗಳನ್ನು ದೇಹ ಹೀಗೆ ಕಾಯ್ದಿಡುತ್ತದೆ. ಈ ಕೋಶಗಳು ಹೇಗೆ ಮಲಗುತ್ತವೆ, ಹೇಗೆ ಏಳುತ್ತವೆ ಎಂಬುದರ ಸಂಶೋಧನೆ ನಮ್ಮ ನೆರೆಯಲ್ಲೇ ನಡೆದಿದೆ. ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಹೈದರಾಬಾದಿನ ಸಿಸಿಎಂಬಿಯಲ್ಲಿಯೂ ಡಾ. ಜ್ಯೋತ್ಸ್ನಾ ಧವನ್ ಮತ್ತು ಅವರ ಸಂಗಡಿಗರು ಈ ವಿಷಯದಲ್ಲಿ ದೀರ್ಘಕಾಲ ಕೆಲಸ ಮಾಡಿದ್ದಾರೆ.

ನಮ್ಮ ಪ್ರಾಚೀನರು ಈ ಕೋಶಗಳನ್ನು ಬಲ್ಲರೆಂದು ನಾನು ಹೇಳಹೊರಟಿಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅದು ಸಾಧ್ಯವೂ ಇರಲಿಲ್ಲ. ರಕ್ತದ ಪುಷ್ಟಿಯಿಲ್ಲದೆ ಮಾಂಸದ ಪುಷ್ಟಿಯಿಲ್ಲವೆಂಬ ಅವರ ತಿಳಿವಳಿಕೆ ಮಾತ್ರ ಇಂದಿಗೂ ನಮಗೆ ದಾರಿ ತೋರುತ್ತದೆ.

ಕೊರತೆ ಎಷ್ಟು, ಎಷ್ಟು ಕಾಲ

ಆಮ್ಲಜನಕ ಕಡಿಮೆಯಾದದ್ದು ಕೋಶಕ್ಕೆ ಹೇಗೆ ತಿಳಿಯುತ್ತದೆ? ಇದನ್ನು ಬಿಡಿಸಿ ತೋರಿಸಿದ್ದಕ್ಕಾಗಿ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರತಿಯೊಂದು ಕೋಶದಲ್ಲಿಯೂ ಎಚ್‌ಐಎಫ್ ಎಂಬ ಒಂದು ಪ್ರೋಟೀನು ಸದಾ ಉತ್ಪತ್ತಿಯಾಗುತ್ತಿರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಅದು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಕೊರತೆಯಾದರೆ ನಾಶವಾಗದೆ ಶೇಖರಗೊಂಡು, ಕೋಶದ ಕೇಂದ್ರಕ್ಕೆ ಹೋಗಿ, ಕೊರತೆಯ ಕಾಲದ ಆಡಳಿತವನ್ನು ಜಾರಿಗೆ ತರುತ್ತದೆ. ಹೊಸ ರಕ್ತನಾಳಗಳು ಚಿಗುರುವಂತೆಯೂ, ರಕ್ತಕಣಗಳು ಹೆಚ್ಚುವಂತೆಯೂ, ಆಮ್ಲಜನಕವಿಲ್ಲದೆ ಶಕ್ತಿ ಪಡೆಯುವ ಮಾರ್ಗ ತೆರೆಯುವಂತೆಯೂ ಮಾಡುತ್ತದೆ.

ಮಾಂಸಖಂಡದ ಕಾಂಡಕೋಶಗಳ ಮೇಲೆ ಇದರ ಪರಿಣಾಮ ಒಂದೇ ಮುಖದ್ದಲ್ಲ. ಪ್ರಯೋಗಶಾಲೆಯಲ್ಲಿ ಈ ಕೋಶಗಳನ್ನು ಶೇಕಡ 21ರ ಗಾಳಿಗಿಂತ, ದೇಹದಲ್ಲಿ ಅವುಗಳಿಗೆ ಸಹಜವಾದ ಕಡಿಮೆ ಆಮ್ಲಜನಕದಲ್ಲಿ ಬೆಳೆಸಿದರೆ ಅವು ಚೆನ್ನಾಗಿ ವೃದ್ಧಿಸುತ್ತವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡಿಮೆ ಆಮ್ಲಜನಕವು ಕಾಂಡಕೋಶಗಳನ್ನು ಮೀಸಲಿನಲ್ಲೇ ಉಳಿಯುವಂತೆ ಪ್ರೇರೇಪಿಸುತ್ತದೆ. ಅಂದರೆ ಬಿತ್ತನೆಯ ರಾಗಿ ಸುರಕ್ಷಿತವಾಗಿರುತ್ತದೆ. ಆದರೆ ಆಮ್ಲಜನಕ ಶೇಕಡ 1ರ ಆಸುಪಾಸಿಗೆ ಇಳಿದಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಕೋಶವನ್ನು ಪಕ್ವಗೊಳಿಸುವ ‘ಮಯೋಡಿ’ ಎಂಬ ಪ್ರೋಟೀನು ಕುಗ್ಗಿಹೋಗುತ್ತದೆ. ಕೋಶಗಳು ಬೆಸೆದು ಎಳೆಯಾಗುವ ಕೆಲಸ ನಿಂತುಬಿಡುತ್ತದೆ. ಬೀಜವಿದೆ, ಬಿತ್ತಲು ಹದವಿಲ್ಲ.

ಆದಕಾರಣ ಕೊರತೆ ಎಷ್ಟು, ಎಷ್ಟು ಕಾಲದ್ದು ಎಂಬುದೇ ಇಲ್ಲಿ ಮುಖ್ಯ. ಓಡುವಾಗ, ಹೊಲ ಅಗೆಯುವಾಗ ಮಾಂಸಖಂಡದಲ್ಲಿ ಉಂಟಾಗುವ ಅಲ್ಪಕಾಲದ ಕೊರತೆ ಕೆಡುಕಲ್ಲ, ಅದು ಬೆಳವಣಿಗೆಗೆ ಬರುವ ಕರೆ. ಹಗಲೂ ಇರುಳೂ, ತಿಂಗಳು ವರ್ಷಗಟ್ಟಲೆ ಮುಂದುವರಿಯುವ ಕೊರತೆ ಬೇರೆಯೇ. ಅದರ ಜೊತೆಗೆ ರೋಗದ ಉರಿಯೂತ, ಊಟದ ಅರುಚಿ, ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಮಾತ್ರೆ, ಓಡಾಟವಿಲ್ಲದ ಬದುಕು ಇವೆಲ್ಲ ಸೇರಿಕೊಂಡಾಗ ಮಾಂಸಖಂಡ ಕರಗುವ ವೇಗಕ್ಕೆ ಕಟ್ಟುವ ವೇಗ ಸಾಟಿಯಾಗುವುದಿಲ್ಲ. ಶ್ವಾಸನಾಳ ಕಿರಿದಾಗುವ ಸಿಓಪಿಡಿ ಕಾಯಿಲೆಯವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತೊಡೆಯ ಬಲ ಕುಗ್ಗಿರುವುದನ್ನು ಅಧ್ಯಯನಗಳು ತೋರಿಸಿವೆ. ದೀರ್ಘಕಾಲ ದಣಿಯದೆ ದುಡಿಯಬಲ್ಲ ಎಳೆಗಳು ಅವರಲ್ಲಿ ಕಡಿಮೆಯಾಗಿ, ಬೇಗ ದಣಿಯುವ ಎಳೆಗಳ ಪ್ರಮಾಣ ಹೆಚ್ಚುತ್ತದೆ.

ಎರಡು ಪ್ರಯೋಗಗಳು

ರೋಗವಿಲ್ಲದ ದೇಹದಲ್ಲಿಯೂ ಆಮ್ಲಜನಕದ ಕೊರತೆ ಇಂಥ ಪರಿಣಾಮ ಬೀರಬಲ್ಲುದೇ? 1985ರಲ್ಲಿ ಅಮೆರಿಕದಲ್ಲಿ ಎಂಟು ಮಂದಿ ಆರೋಗ್ಯವಂತ ಪುರುಷರನ್ನು ಒಂದು ಮುಚ್ಚಿದ ಕೋಣೆಯಲ್ಲಿರಿಸಿ, ಸುಮಾರು 40 ದಿನಗಳಲ್ಲಿ ಗಾಳಿಯ ಒತ್ತಡವನ್ನು ಹಂತಹಂತವಾಗಿ ಇಳಿಸಿ, ಎವರೆಸ್ಟ್ ಶಿಖರದ ಮೇಲಿರುವಷ್ಟಕ್ಕೆ ತಂದರು. ಅಲ್ಲಿ ಚಳಿಯಿರಲಿಲ್ಲ, ಹಿಮವಿರಲಿಲ್ಲ. ಊಟಕ್ಕೆ ಬೇಕಾದ್ದೆಲ್ಲವೂ ಇತ್ತು. ಆದರೂ ಅವರ ಹಸಿವು ಕುಗ್ಗಿತು. ಪ್ರಯೋಗವನ್ನು ಪೂರೈಸಿದವರ ತೂಕ ಸರಾಸರಿ 7 ಕಿಲೋಗ್ರಾಮಿನಷ್ಟು ಇಳಿಯಿತು. ತೊಡೆಯ ಮಾಂಸದ ಎಳೆಗಳು ಸಪೂರವಾದವು.

ಇನ್ನೊಂದು ಪ್ರಯೋಗ 2007ರಲ್ಲಿ ಪ್ರಕಟವಾದದ್ದು. ರೋಗವೇನೂ ಇಲ್ಲದ ವೃದ್ಧರು ಕೇವಲ 10 ದಿನ ಹಾಸಿಗೆಯಲ್ಲೇ ಮಲಗಿದ್ದರು. ಅಷ್ಟರಲ್ಲಿ ಅವರ ಕಾಲುಗಳಿಂದಲೇ ಸುಮಾರು 1 ಕಿಲೋಗ್ರಾಂ ಮಾಂಸ ಕರಗಿತ್ತು.

ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಅರ್ಥವಾಗುತ್ತದೆ. ದಮ್ಮು ಬಂದವರಿಗೆ ನಾವು ಪ್ರೀತಿಯಿಂದ ಹೇಳುವ ಮೊದಲ ಮಾತು, “ನೀವು ಏಳಬೇಡಿ, ಮಲಗಿರಿ.” ನೀರು, ಊಟ, ಚೊಂಬು ಎಲ್ಲವೂ ಮಂಚದ ಬಳಿಗೇ ಬರುತ್ತವೆ. ಆಮ್ಲಜನಕದ ಕೊರತೆಗೆ ಹಾಸಿಗೆಯ ಕ್ಷಯವೂ ಸೇರಿಕೊಳ್ಳುತ್ತದೆ. ಕಾಲಿನ ಮಾಂಸ ಕುಂದಿದಷ್ಟೂ ನಾಲ್ಕು ಹೆಜ್ಜೆಗೇ ದಣಿವಾಗುತ್ತದೆ. ದಣಿವಾದಷ್ಟೂ ದಮ್ಮು ಹೆಚ್ಚುತ್ತದೆ. ದಮ್ಮಿಗೆ ಹೆದರಿ ಮತ್ತಷ್ಟು ಮಲಗುತ್ತಾರೆ. ಶ್ವಾಸಕೋಶದ ಗಾಯದ ಕಲೆಯನ್ನು ಅಳಿಸುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಮಾಂಸಖಂಡ ಹಾಗಲ್ಲ. ಅದನ್ನು ಮತ್ತೆ ಕಟ್ಟಲು ಅವಕಾಶವಿದೆ. ಮಲಗಿರುವ ಕಾಂಡಕೋಶಗಳನ್ನು ಏಳಿಸುವ ಕರೆ ಚಲನೆಯಿಂದಲೇ ಬರಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಗೋಡೆಗೆ ಒರಗಿಸಿದ, ಕೈಪಿಡಿಯಿಲ್ಲದ ಕುರ್ಚಿಯಲ್ಲಿ ರೋಗಿಯನ್ನು ಕೂರಿಸಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಪೂರ್ತಿ ಎದ್ದು ಕೂರಲು ಹೇಳಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆಯೆಂದು ತಿಳಿಯಬಹುದು. ಏಷ್ಯಾದ ತಜ್ಞರು 2019ರಲ್ಲಿ ನಿಗದಿಪಡಿಸಿದ ಅಳತೆಯಿದು.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಅನೇಕರ ಮನೆಗಳಲ್ಲಿದೆ. ಬೆರಳು ಬೆಚ್ಚಗಿರುವಾಗ, ಉಗುರಿನ ಮೇಲೆ ಬಣ್ಣವಿಲ್ಲದಂತೆ ನೋಡಿಕೊಂಡು, ಮೊದಲು ಕುಳಿತಲ್ಲೇ, ಆಮೇಲೆ ಅಂಗಳದಲ್ಲಿ ನಾಲ್ಕೈದು ನಿಮಿಷ ನಡೆದ ಮೇಲೆ ಅಳೆಯಿರಿ. ಸಾಮಾನ್ಯವಾಗಿ 95ಕ್ಕಿಂತ ಕೆಳಗೆ ಬರಬಾರದು. ಕುಳಿತಾಗ ಸರಿಯಿದ್ದು ನಡೆದಾಗ ನಾಲ್ಕು ಅಂಕೆಗಿಂತ ಹೆಚ್ಚು ಇಳಿದರೆ ಅಥವಾ 90ಕ್ಕಿಂತ ಕೆಳಗೆ ಹೋದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕುಳಿತ ಅಳತೆಯನ್ನು ಮಾತ್ರ ನಂಬಿ ಸುಮ್ಮನಾಗಬಾರದು.

ಎಲ್ಲ ಕಾಲುನೋವಿಗೂ ಉಸಿರೇ ಕಾರಣವಲ್ಲ. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದರಿಂದ ಮೂಳೆ ಕೀಲುಗಳು ಬಿಗಿಯುವುದುಂಟು. ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ, ಡಿ ವಿಟಮಿನ್ನಿನ ಕೊರತೆಗಳೂ ಕಾಲಿನ ಬಲ ಕುಗ್ಗಿಸುತ್ತವೆ. ಆದ್ದರಿಂದ ಪರೀಕ್ಷೆ ಅಗತ್ಯ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ನಮಗೆ ಎಟುಕುವಷ್ಟು ದೂರದಲ್ಲಿವೆ. ಎದೆಯ ಎಕ್ಸ್‌ರೇ, ಊದಿಸಿ ನೋಡುವ ಸ್ಪೈರೋಮೆಟ್ರಿ, ಹಿಮೋಗ್ಲೋಬಿನ್ ಈ ಮೂರನ್ನೂ ಮಾಡಿಸಿ. ಕಲ್ಲುಧೂಳಿನಲ್ಲಿ ದುಡಿದವರಿಗೆ ಕ್ಷಯರೋಗ ತಗಲುವ ಸಂಭವ ಹಲವು ಪಟ್ಟು ಹೆಚ್ಚು. ಕೆಮ್ಮು ಎರಡು ವಾರ ಮೀರಿದರೆ ಕಫಪರೀಕ್ಷೆ ಆಗಲೇಬೇಕು. ವೈದ್ಯರು ಕೇಳದಿದ್ದರೂ “ಇಷ್ಟು ವರ್ಷ ಕಲ್ಲು ಕೆಲಸ ಮಾಡಿದ್ದೇನೆ” ಎಂದು ನೀವೇ ಹೇಳಿ.

ಚಿಕಿತ್ಸೆಯ ನಾಲ್ಕು ಕಂಬಗಳು

ಮೊದಲನೆಯದು ಆಮ್ಲಜನಕ. ವಿಶ್ರಾಂತಿಯಲ್ಲಿದ್ದಾಗಲೂ ಅಳತೆ 88 ಅಥವಾ ಅದಕ್ಕಿಂತ ಕೆಳಗಿರುವವರಿಗೆ ವೈದ್ಯರು ಮನೆಯಲ್ಲಿ ಕಾನ್ಸೆಂಟ್ರೇಟರ್ ಯಂತ್ರ ಬಳಸಲು ಹೇಳಬಹುದು. ಅದನ್ನು ದಿನಕ್ಕೆ ಕನಿಷ್ಠ 15 ಗಂಟೆ ಬಳಸಿದರೆ ಮಾತ್ರ ಪ್ರಯೋಜನ. ದಮ್ಮು ಬಂದಾಗ ಹತ್ತು ನಿಮಿಷ ಹಿಡಿದರೆ ಸಾಲದು. ಪ್ರಮಾಣವನ್ನು ತಾವಾಗಿಯೇ ಏರಿಸಬಾರದು. ಸಿಓಪಿಡಿ ಇರುವವರಲ್ಲಿ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ಮಂಪರು ಬರುತ್ತದೆ. ಯಂತ್ರವಿರುವ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ, ಬೀಡಿ ಯಾವುದೂ ಬೇಡ. ಪೂಜೆಯ ಸ್ಥಳ ಬೇರೆ ಕೋಣೆಯಲ್ಲಿರಲಿ.

ಎರಡನೆಯದು ನಡಿಗೆ. ಕಾಲಿನ ಮಾಂಸವನ್ನು ದುಡಿಸದೆ ಅದರ ಕಾಂಡಕೋಶಗಳನ್ನು ಎಚ್ಚರಿಸಲಾಗದು. ಮೊದಲ ವಾರ ಅಂಗಳದಲ್ಲಿ ಐದು ನಿಮಿಷದಂತೆ ದಿನಕ್ಕೆ ಮೂರು ಸಲ. ಸ್ವಲ್ಪ ಏದುಸಿರು ಬಂದರೂ ಎರಡು ಮಾತು ಆಡಲು ಸಾಧ್ಯವಾಗುವಷ್ಟು ವೇಗ. ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸಿ. ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಬಾರಿಯಂತೆ ಹೊತ್ತಿಗೊಂದು ಸಲ ಮಾಡಿ. ತುಟಿಗಳನ್ನು ಕಿರಿದಾಗಿಸಿ, ಬಿಸಿ ಸಾರನ್ನು ಊದಿ ಆರಿಸುವಂತೆ ನಿಧಾನವಾಗಿ ಉಸಿರು ಬಿಡುತ್ತಾ ಏಳುವುದು ಒಳ್ಳೆಯದು. ಅಳತೆ 88ಕ್ಕಿಂತ ಕೆಳಗಿಳಿದರೆ, ಎದೆ ನೋವಾದರೆ, ತಲೆ ಸುತ್ತಿದರೆ ನಿಲ್ಲಿಸಿ ಕುಳಿತುಕೊಳ್ಳಬೇಕು. ಇದನ್ನು ಆರಂಭಿಸುವ ಮುನ್ನ ಒಮ್ಮೆ ಹೃದಯದ ಪರೀಕ್ಷೆಯಾಗಿರಲಿ. ಎಂಟು ವಾರ ಬಿಡದೆ ಮಾಡಿದವರು ಶ್ವಾಸಕೋಶ ಹಾಗೆಯೇ ಇದ್ದರೂ ಮೊದಲಿಗಿಂತ ಹೆಚ್ಚು ದೂರ ನಡೆಯುವುದನ್ನು ಲೋಕದೆಲ್ಲೆಡೆಯ ವೈದ್ಯರು ಕಂಡಿದ್ದಾರೆ.

ಮೂರನೆಯದು ಆಹಾರ. ಮಾಂಸಖಂಡ ಕಟ್ಟಲು ಬೇಕಾದ ಪ್ರೋಟೀನು ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 1ರಿಂದ 1.2 ಗ್ರಾಂ ಇರಬೇಕೆಂಬುದು ತಜ್ಞರ ಸಲಹೆ. ಅಂದರೆ 55 ಕಿಲೋ ತೂಗುವವರಿಗೆ ದಿನಕ್ಕೆ 55 ಗ್ರಾಂ ಅಥವಾ ಸ್ವಲ್ಪ ಹೆಚ್ಚು. ಇದಕ್ಕಾಗಿ ಡಬ್ಬಿಯ ಪುಡಿ ಕೊಳ್ಳಬೇಕಾಗಿಲ್ಲ. 200 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 14 ಗ್ರಾಂ, 75 ಗ್ರಾಂ ಅವರೆ ಅಥವಾ ಹುರುಳಿಯ ಸಾರಿನಲ್ಲಿ ಸುಮಾರು 17 ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16 ಗ್ರಾಂ, ಒಂದು ಹಿಡಿ ಕಡಲೆಕಾಯಿಬೀಜದಲ್ಲಿ 7ರಿಂದ 8 ಗ್ರಾಂ ದೊರೆಯುತ್ತದೆ. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಅವರೆ, ಹುರುಳಿಗಳು ತುಂಬಿಕೊಡುತ್ತವೆ. ಮುದ್ದೆಗೆ ಕಾಳುಸಾರನ್ನು ಜೊತೆ ಮಾಡಿದ ನಮ್ಮ ಹಿರಿಯರ ಅಡುಗೆ ಸರಿಯಾದದ್ದೇ. ಹೊಟ್ಟೆ ತುಂಬಿದರೆ ದಮ್ಮು ಹೆಚ್ಚುವವರು ಇದನ್ನೇ ಐದು ಹೊತ್ತಿಗೆ ಹಂಚಿಕೊಳ್ಳಲಿ. ರಕ್ತಹೀನತೆಯಿದ್ದರೆ ಸೊಪ್ಪಿನ ಬಸ್ಸಾರಿಗೆ ನಿಂಬೆರಸ ಹಿಂಡಿಕೊಳ್ಳಿ. ಊಟವಾದ ಒಂದು ಗಂಟೆಯವರೆಗೆ ಕಾಫಿ, ಟೀ ಬೇಡ. ಮೂತ್ರಪಿಂಡದ ಕಾಯಿಲೆಯಿರುವವರು ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ನಾಲ್ಕನೆಯದು ಔಷಧ. ನಾನು ಆಯುರ್ವೇದ ಕಲಿತವನು; ಅದರಲ್ಲಿ ನನಗೆ ಗೌರವವೂ ವಿಶ್ವಾಸವೂ ಇವೆ. ಬಲಾತೈಲದ ಹಗುರ ಅಭ್ಯಂಗ, ಅಶ್ವಗಂಧದ ಚೂರ್ಣ, ಚ್ಯವನಪ್ರಾಶ ಇವುಗಳಿಗೆ ಅವುಗಳದೇ ಆದ ಸ್ಥಾನವಿದೆ. ಆದರೆ ಇವು ರಕ್ತಕ್ಕೆ ಆಮ್ಲಜನಕವನ್ನು ತುಂಬುವುದಿಲ್ಲ. ಇನ್‌ಹೇಲರನ್ನಾಗಲಿ ಕ್ಷಯದ ಮಾತ್ರೆಯನ್ನಾಗಲಿ ನಿಲ್ಲಿಸಿ ಇವನ್ನು ಸೇವಿಸುವುದು ಅಪಾಯ. ಸಕ್ಕರೆ ಕಾಯಿಲೆಯವರು ಚ್ಯವನಪ್ರಾಶದಲ್ಲಿರುವ ಸಕ್ಕರೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ‘ದಮ್ಮಿನ ಪುಡಿ’ಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು, ತಿಂದ ದಿನ ಹಾಯೆನಿಸಿ, ವರ್ಷದೊಳಗೆ ತೊಡೆಯ ಮಾಂಸವನ್ನೇ ಕರಗಿಸುತ್ತವೆ. ಭಸ್ತ್ರಿಕಾ, ಕಪಾಲಭಾತಿ, ಉಸಿರನ್ನು ಬಿಗಿಹಿಡಿಯುವ ಕುಂಭಕ ಇವು ಆಮ್ಲಜನಕ ಕಡಿಮೆಯಿರುವವರಿಗೆ ಸಲ್ಲವು.

ಕಾಂಡಕೋಶಗಳ ಮಾತು ಬಂದಿರುವುದರಿಂದ ಒಂದು ಎಚ್ಚರಿಕೆ. ಶ್ವಾಸಕೋಶಕ್ಕೆ, ಮಂಡಿಗೆ, ಮಾಂಸಖಂಡಕ್ಕೆ ‘ಸ್ಟೆಮ್ ಸೆಲ್ ಚುಚ್ಚುಮದ್ದು’ ಕೊಡುತ್ತೇವೆಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ಕಾಯಿಲೆಗಳ ಚಿಕಿತ್ಸೆಯನ್ನು ಬಿಟ್ಟರೆ ಉಳಿದ ಕಾಂಡಕೋಶ ಪ್ರಯೋಗಗಳೆಲ್ಲ ಸಂಶೋಧನೆಯ ವ್ಯಾಪ್ತಿಗೆ ಸೇರಿದವು. ಅವುಗಳಿಗೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹೊಲ ಮಾರಿ ಅಂಥಲ್ಲಿಗೆ ಹೋಗಬೇಡಿ. ನಿಮ್ಮ ತೊಡೆಯಲ್ಲಿರುವ ಕಾಂಡಕೋಶಗಳಿಗೆ ಬೇಕಾದದ್ದು ಆಮ್ಲಜನಕ, ಕಾಳು ಮತ್ತು ನಡಿಗೆ.

ಧೂಳು ಏಳದಂತೆ

ಬಂದ ಕಾಯಿಲೆಯನ್ನು ನಿಭಾಯಿಸುವುದಕ್ಕಿಂತ ಬಾರದಂತೆ ತಡೆಯುವುದು ಅಗ್ಗ. ಕಲ್ಲು ಕೊಯ್ಯುವ ಚಕ್ರದ ಮೇಲೆ ನೀರು ಬೀಳುವಂತೆ ಒಂದು ಸಣ್ಣ ಕೊಳವೆ ಅಳವಡಿಸಿದರೆ ಧೂಳಿನ ಬಹುಭಾಗ ಕೆಸರಾಗಿ ಕೆಳಗಿಳಿಯುತ್ತದೆ. ಮುಖಕ್ಕೆ ಕಟ್ಟಿಕೊಳ್ಳುವ ಟವೆಲು ಈ ಕಣಗಳನ್ನು ತಡೆಯುವುದಿಲ್ಲ. ಎನ್-95 ಅಥವಾ ಅದಕ್ಕಿಂತ ಮೇಲ್ದರ್ಜೆಯ ಮುಖಗವಸು ಬೇಕು. ಒಣ ಪೊರಕೆಯಿಂದ ಗುಡಿಸಬಾರದು, ನೀರು ಚಿಮುಕಿಸಬೇಕು. ಕೆಲಸದ ಬಟ್ಟೆಯಲ್ಲಿ ಮನೆಗೆ ಬಂದು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಾರದು. ಅಡುಗೆಮನೆಗೆ ಹೊಗೆ ಹೋಗುವ ದಾರಿಯಿರಲಿ. ಗ್ಯಾಸ್ ಇದ್ದೂ ಉಳಿತಾಯಕ್ಕೆಂದು ಸೌದೆ ಉರಿಸುವ ಮನೆಗಳು ಈ ಉಳಿತಾಯವನ್ನು ಮತ್ತೊಮ್ಮೆ ಲೆಕ್ಕಹಾಕಲಿ.

ಸಿಲಿಕೋಸಿಸ್ ಕಾನೂನು ಗುರುತಿಸಿರುವ ಔದ್ಯೋಗಿಕ ಕಾಯಿಲೆ. ಅದು ಪತ್ತೆಯಾದಾಗ ವರದಿ ಮಾಡಬೇಕಾದ ಹೊಣೆ ವೈದ್ಯರದು; ಪರಿಹಾರ ಕೇಳುವ ಹಕ್ಕು ಕಾರ್ಮಿಕನದು. ಎಲ್ಲೆಲ್ಲಿ, ಎಷ್ಟು ವರ್ಷ, ಯಾರ ಬಳಿ ಕೆಲಸ ಮಾಡಿದಿರಿ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಎಕ್ಸ್‌ರೇಗಳನ್ನು ಎಸೆಯದೆ ಜೋಪಾನ ಮಾಡಿ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಸುಗ್ಗಿಯ ಕಾಲಕ್ಕೆ ಕ್ರೇಟು ಹೊರಲು ಬರುವವರಲ್ಲಿ, ಹಿಂದೊಮ್ಮೆ ಕಲ್ಲು ಕೆಲಸ ಮಾಡಿ ಬಿಟ್ಟವರೂ ಇರಬಹುದು. ಮೊದಲಿನಂತೆ ಭಾರ ಎತ್ತಲಾಗುತ್ತಿಲ್ಲವೆಂದು ಅಂಥವರು ಹೇಳಿದರೆ ವಯಸ್ಸಾಯಿತೆಂದು ನಕ್ಕು ಸುಮ್ಮನಾಗದೆ ಅವರನ್ನು ಎದೆಯ ಪರೀಕ್ಷೆಗೆ ಕಳುಹಿಸಬೇಕು.

ಕಾಯಕವನ್ನು ಗೌರವಿಸುವ ನಾವು ಕಾಯಕದಿಂದ ಸವೆದ ಕಾಯವನ್ನೂ ಗೌರವಿಸಬೇಕಲ್ಲವೇ? ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ದಮ್ಮಿನ ರೋಗಿಯೊಬ್ಬರಿದ್ದರೆ ಇಂದು ಸಂಜೆಯೇ ಕುರ್ಚಿಯ ಪರೀಕ್ಷೆ ಮಾಡಿ ನೋಡಿ. ಹಿಡಿದ ಸೆಕೆಂಡುಗಳನ್ನು ಕ್ಯಾಲೆಂಡರಿನ ಮೇಲೆ ಬರೆದು, ಎರಡು ತಿಂಗಳ ನಂತರ ಮತ್ತೆ ಅಳೆಯಿರಿ. ಆ ನಡುವೆ ಅವರು ನಡೆಯುವಾಗ ಮನೆಯವರಲ್ಲಿ ಒಬ್ಬರು ಜೊತೆಗಿರಲಿ.